ಬೀರು ಕಾಯತಕ್ಕದ್ದು

ಎಡಗೈ ಕೋಟಿನ ತೋಳಿನೊಳಗೆ ಹೋಗಲೊಲ್ಲದು. ಮಗಳು ಅಪ್ಪನ ಮುಂಗೈಯನ್ನು ತನ್ನ ಅಂಗೈಯಲ್ಲಿ ಸುತ್ತಿ ಹಿಡಿದು ಮತ್ತೊಮ್ಮೆ ತಳ್ಳಿದಳು. ಮೊಣಕೈಯವರೆಗೆ ಬಂದು ನಿಂತುಬಿಟ್ಟಿತು.

"ಅದು ಬಗ್ಗಲ್ಲ ಬಿಡೇ," ಎಂದಳು ಸೋದರತ್ತೆ, ಕೂತ ಕುರ್ಚಿಯಿಂದಲೇ. ಎಂಬತ್ತೆರಡು ವರ್ಷದ ಆಕೆಗೆ ಮಂಡಿ ಮಡಚುವುದಿಲ್ಲ, ನಾಲಿಗೆಗೆ ಮಾತ್ರ ಇನ್ನೂ ಕೀಲುನೋವು ಬಂದಿಲ್ಲ. "ಬದುಕಿದ್ದಾಗ ಅವನು ಬಗ್ಗಿದ್ದನ್ನ ನೋಡಿದ್ಯಾ? ಕತ್ತರಿ ತಗೊಂಡು ಬೆನ್ನಲ್ಲಿ ಸೀಳು. ಹಿಂದೆ ಯಾರು ನೋಡ್ತಾರೆ?"

"ಇದನ್ನ ಹಾಕ್ಕೊಂಡೇ ಹೋಗ್ಬೇಕು ಅಂತ ಹೇಳಿದ್ರು ಅತ್ತೆ."

"ಹೇಳಿದ್ದ. ಹೇಳೋದು ಬಿಟ್ಟು ಇನ್ನೇನು ಮಾಡಿದ ನನ್ನ ತಮ್ಮ?"

ಮಗಳು ಕತ್ತರಿ ತಂದಳು. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಗಾಜು ಕೂರಿಸಿದ ಕೈ. ಹೊಲಿಗೆಯ ಗುಂಟ ನೇರವಾಗಿ ಸೀಳಿತು. ಕಡುನೀಲಿ ಕೋಟು, ಎಂಟು ಹಿತ್ತಾಳೆ ಗುಂಡಿ, ಭುಜಕ್ಕೆ ಪಟ್ಟಿ. ಬಸ್ ನಿಲ್ದಾಣದ ಎದುರಿನ ದರ್ಜಿ ಯಾವುದೋ ಹಳೆಯ ಚಿತ್ರ ನೋಡಿ ಹೊಲಿದುಕೊಟ್ಟದ್ದು. ಎರಡೂ ಅರ್ಧಗಳನ್ನು ಮುಂದಿನಿಂದ ತೊಡಿಸಿ ಗುಂಡಿ ಹಾಕಿದ ಮೇಲೆ ಅಪ್ಪ ಸರಿಯಾಗಿಯೇ ಕಂಡರು. ಎದುರಿನಿಂದ ಅಶ್ವದಳದ ಅಧಿಕಾರಿ, ಬೆನ್ನ ಕಡೆಯಿಂದ ಬರೀ ಬನಿಯನ್ನು.

ನಿನ್ನೆ ಮಧ್ಯಾಹ್ನ ಅವರು ಬೀರುವಿನ ಮುಂದಿನ ಮುಕ್ಕಾಲಿಯಲ್ಲಿ, ಕೈಯಲ್ಲಿ ಭೂತಗನ್ನಡಿ ಹಿಡಿದು ಕೂತಲ್ಲೇ ತಲೆ ಬಾಗಿಸಿದ್ದರು. ಕೂಡಿಸಿಟ್ಟ ಟೋಪಿ ಬಿಲ್ಲೆ ನೋಡುತ್ತಿದ್ದಾರೆ ಎಂದುಕೊಂಡು ಮಗಳು ಒಂದು ಗಂಟೆ ಮಾತಾಡಿಸಿರಲಿಲ್ಲ. ಬಿಲ್ಲೆ ನೋಡುವಾಗ ಮಾತಾಡಿಸಬಾರದು ಎಂಬುದು ಮನೆಯ ಕಾನೂನು.

ಶವದ ಗಾಡಿಯ ಚಾಲಕ ಬಾಗಿಲಲ್ಲಿ ತಲೆ ಹಾಕಿದ. "ಹನ್ನೊಂದೂವರೆಗೆ ನಮ್ಮ ಸರದಿ. ತಪ್ಪಿದ್ರೆ ನಾಳೆಗೆ ಹೋಗುತ್ತೆ. ಒಳಗೆ ಬಾಡಿ ಪಕ್ಕ ಇಬ್ಬರಿಗೆ ಜಾಗ ಇದೆ. ಯಾರು ಕೂರ್ತಾರೆ?"

"ನಾನು," ಎಂದಳು ಮಗಳು, ಅವನು ಮಾತು ಮುಗಿಸುವ ಮೊದಲೇ. "ನಾನು, ನಮ್ಮತ್ತೆ. ಬೇರೆ ಯಾರೇ ಬಂದು ಕೇಳಿದ್ರೂ ಇಲ್ಲ ಅಂದ್ಬಿಡಿ."

ಐವತ್ತೊಂದರ ಹೆಂಗಸು ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ಮಗುವಿನ ಹಾಗೆ ಹೇಳಿದ್ದು ಕೇಳಿ ಚಾಲಕನಿಗೆ ನಗು ಬಂತು. ಅತ್ತೆಗೆ ಬರಲಿಲ್ಲ. "ಈ ಸಲ ಹೋಗು," ಎಂದಳು ಮೆಲ್ಲಗೆ. "ನಿಮ್ಮಮ್ಮನ ದಿನ ಆದ ಹಾಗೆ ಆಗೋದು ಬೇಡ."

*

ಹತ್ತು ಗಂಟೆಗೆ ನಡುಮನೆ ತುಂಬಿತು. ತುಂಬಲು ಇಪ್ಪತ್ತೈದು ಜನ ಸಾಕು. ಉಳಿದ ಜಾಗವೆಲ್ಲ ಬೀರುವಿನದು. ಗೋಡೆಯ ಈ ಕೊನೆಯಿಂದ ಆ ಕೊನೆಗೆ ತೇಗದ ಮರ, ಗಾಜಿನ ಬಾಗಿಲು, ಒಳಗೆ ನಲವತ್ತು ಖಾನೆ. ಅದನ್ನು ಸರಿಸಲಾಗದೆ ಅಪ್ಪನನ್ನೇ ಅಡ್ಡಡ್ಡಲಾಗಿ ಮಲಗಿಸಿದ್ದರು. ಬಂದವರು ಒಂದು ಸಲ ಕೆಳಗೆ ನೋಡಿ ಕೈ ಮುಗಿದು, ಆಮೇಲೆ ಮೇಲೆ ನೋಡಿ ನಿಲ್ಲುತ್ತಿದ್ದರು. ಅಶ್ವದಳದ ಅಭಿಮಾನಿಗಳು ಹನ್ನೊಂದು ಜನ ಬಂದಿದ್ದರೂ ಅಶ್ರುದಳಕ್ಕೆ ಒಬ್ಬರೂ ಸೇರಿರಲಿಲ್ಲ.

ಅವರೆಲ್ಲ 'ಬಿಲ್ಲೆ ಬಳಗ'ದವರು. ಹಳೆಯ ಕುದುರೆ ಪಡೆಗಳ ಟೋಪಿ ಬಿಲ್ಲೆ ಕೂಡಿಸುವವರ ಸಂಘ. ತಿಂಗಳಿಗೊಮ್ಮೆ ಸೇರಿ ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಹೊಗಳಿ, ಬೀದಿಗೆ ಬಂದ ಮೇಲೆ ಅದು ನಕಲಿ ಎಂದು ಮೂರನೆಯವರ ಕಿವಿಯಲ್ಲಿ ಹೇಳುವುದು ಸಂಘದ ಚಟುವಟಿಕೆ. ಅಧ್ಯಕ್ಷರು ನಿವೃತ್ತ ಹಲ್ಲು ಡಾಕ್ಟರು. ಯಾವ ಬಿಲ್ಲೆ ಸಿಕ್ಕರೂ ಮೊದಲು ಹಿಂಭಾಗದ ಕೊಕ್ಕೆ ಅಲುಗಾಡುತ್ತದೆಯೇ ಎಂದು ಎರಡು ಬೆರಳಲ್ಲಿ ಹಿಡಿದು ನೋಡುವುದು ಅವರ ಅಭ್ಯಾಸ. ಸಂಘದಲ್ಲಿ ಅತ್ಯಂತ ಕಿರಿಯ ಸದಸ್ಯರೆಂದರೆ ಗಡಿಯಾರ ರಿಪೇರಿಯ ಎಪ್ಪತ್ತರ ಮುದುಕರು. ಸೇರಿದ್ದು ತಡವಾದ್ದರಿಂದ ಕಿರಿಯರು. ಬಲಗಾಲು ಎಳೆದು ನಡೆಯುವ ಅವರು ಬಾಗಿಲ ಬಳಿಯೇ ಒರಗಿ ನಿಂತಿದ್ದರು.

"ಲಾಳದ್ದು ಯಾವ ಖಾನೆಲಿದೆ?" ಎಂದು ಯಾರೋ ಪಿಸುಗುಟ್ಟಿದರು.

"ಶ್! ಹೆಣದ ಮುಂದೆ!" ಎಂದರು ಡಾಕ್ಟರು. ಒಂದು ಕ್ಷಣ ಬಿಟ್ಟು, "ಎಡಗಡೆ, ಮೇಲಿಂದ ನಾಲ್ಕನೇದು."

ತಮ್ಮ ಬಂದಿದ್ದ. ಬೇರೆ ಊರಿನಲ್ಲಿ ಲಾರಿ ಟೈರಿನ ಅಂಗಡಿ ಇಟ್ಟಿರುವವನು. ಅವನ ಹೆಂಡತಿಯೂ ಬಂದಿದ್ದಳು, ಬಂದವಳೇ ಗಂಡನ ಅಕ್ಕನ ಹೆಗಲ ಮೇಲೆ ಮುಖವಿಟ್ಟು, "ಅತ್ತಿಗೆ, ನಿಮಗೆ ಇನ್ನು ಯಾರು ಗತಿ?" ಎಂದು ಅತ್ತು, ಅಳುವಿನ ನಡುವೆಯೇ ಬೀರುವಿನ ಉದ್ದ ಅಳೆದಳು.

ಬೀರುವಿನ ತಲೆಯ ಮೇಲೆ ಮೂರು ವರ್ಷದಿಂದ ಒಂದು ಲಕೋಟೆ ಇತ್ತು. 'ನನ್ನ ದಿನದಂದು ಬಳಗದ ಅಧ್ಯಕ್ಷರು ತೆರೆದು ಓದತಕ್ಕದ್ದು' ಎಂದು ಅಪ್ಪ ನಡುಗುವ ಕೈಯಿಂದ ತಾವೇ ಬರೆದಿದ್ದರು. ಹತ್ತು ವರ್ಷದಿಂದ ಬಿಲ್ಲೆಗಳ ಚೀಟಿಯನ್ನೆಲ್ಲ ಮಗಳ ಕೈಯಲ್ಲಿ ಬರೆಸಿದವರು ಇದನ್ನು ಮಾತ್ರ ಅವಳಿಗೆ ತೋರಿಸಿರಲಿಲ್ಲ. ವಾರಕ್ಕೊಮ್ಮೆ ಧೂಳು ಒರೆಸುವಾಗ ಅವಳು ಅದನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು. ತನ್ನಿಂದ ಮುಚ್ಚಿಟ್ಟಿದ್ದಾರೆಂದರೆ ತನ್ನ ಬಗ್ಗೆಯೇ ಏನೋ ಇರಬೇಕು ಎಂಬುದು ಅವಳ ಲೆಕ್ಕ.

ಲೆಕ್ಕ ಸರಿಯಾಗಿಯೇ ಇತ್ತು.

ಡಾಕ್ಟರು ಗಂಟಲು ಸರಿಮಾಡಿಕೊಂಡು ಓದಿದರು.

"ಅಂತಿಮ ಪಯಣದ ಹಿರಿತನ ಪಟ್ಟಿ. ಒಂದು: ಗಾಡಿಯ ಹಿಂದೆ, ಮೊದಲ ಸಾಲು, ಬಲಗಡೆ, ಬಳಗದ ಅಧ್ಯಕ್ಷರು." ಇಲ್ಲಿ ಸ್ವಲ್ಪ ನಿಲ್ಲಿಸಿ ಎಲ್ಲರನ್ನೂ ನೋಡಿದರು. "ಎರಡು: ಅದೇ ಸಾಲು, ಎಡಗಡೆ, ಮಗ. ಮೂರು: ಬಳಗದ ಸದಸ್ಯರು, ಸೇರಿದ ದಿನಾಂಕದ ಪ್ರಕಾರ. ನಾಲ್ಕು: ಕಚೇರಿಯ ಮಾಜಿ ಸಹೋದ್ಯೋಗಿಗಳು, ನಿವೃತ್ತಿಯ ದಿನಾಂಕದ ಪ್ರಕಾರ. ನನಗಿಂತ ಮೊದಲು ಬಡ್ತಿ ಪಡೆದವರು ಇದ್ದಲ್ಲಿ ಕೊನೆಗೆ ನಿಲ್ಲತಕ್ಕದ್ದು."

ಹಿಂದೆ ನಿಂತಿದ್ದ ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಐದು: ಸೊಸೆ ಮತ್ತು ನೆರೆಹೊರೆಯವರು. ಆರು: ನಮ್ಮಕ್ಕ, ಗಾಡಿಯ ಒಳಗೆ, ಮಾತಾಡದೆ."

"ಸತ್ತ ಮೇಲೂ!" ಎಂದಳು ಅತ್ತೆ.

"ಏಳು: ಮಗಳು. ಮನೆಯಲ್ಲಿ. ಎಲ್ಲರೂ ಹಿಂತಿರುಗುವವರೆಗೆ ಬೀರು ಕಾಯತಕ್ಕದ್ದು."

ಡಾಕ್ಟರು ಕಾಗದ ಮಡಚಿದರು. ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೇ," ಎಂದರು.

*

ಅಪ್ಪ ಕರೆಂಟ್ ಆಫೀಸಿನ ಹಿರಿತನ ವಿಭಾಗದ ಗುಮಾಸ್ತರಾಗಿದ್ದರು. ಯಾರು ಯಾರಿಗಿಂತ ಎಷ್ಟು ದಿನ ಮೊದಲು ಕೆಲಸಕ್ಕೆ ಸೇರಿದರು, ಯಾರಿಗೆ ಯಾವಾಗ ಬಡ್ತಿ ಸಲ್ಲಬೇಕು ಎಂದು ಮೂವತ್ತಮೂರು ವರ್ಷ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಉಳಿದವರೆಲ್ಲ ಮೇಲೆ ಹತ್ತುತ್ತಿದ್ದರೂ ಅವರ ಹೆಸರು ಮಾತ್ರ ಒಂದೇ ಕಡೆ ಪಟ್ಟು ಹಿಡಿದು ಕೂತಿತ್ತು. ಎರಡು ಸಲ ಬಡ್ತಿ ಬಂತು ಎನ್ನುವಾಗ ಇನ್ನೊಬ್ಬರು ಅಡ್ಡ ಬಂದರು. ಅವರಿಬ್ಬರೇ ಈಗ ನಡುಮನೆಯಲ್ಲಿ ಹಿಂದೆ ನಿಂತಿದ್ದವರು.

ಮೊದಲನೆಯ ಸಲ ಬಡ್ತಿ ತಪ್ಪಿದ ಸಂಜೆ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಕಂಡಿತು. ಎರಡು ಭರ್ಜಿ, ನಡುವೆ ಕುದುರೆ ತಲೆ. ಕೆಳಗೆ ದಳದ ಸಂಖ್ಯೆ. ಅಂಗಡಿಯವನು ಸುಮ್ಮನಿರದೆ, ಕುದುರೆ ಪಡೆಗಳಲ್ಲೂ ಹಿರಿತನದ ಕ್ರಮ ಉಂಟು, ಹಳೆಯ ದಳ ಯಾವಾಗಲೂ ಸಾಲಿನ ಬಲತುದಿಗೆ ನಿಲ್ಲುತ್ತದೆ, ಆ ಕ್ರಮವನ್ನು ರಾಜನೂ ಮುರಿಯುವಂತಿಲ್ಲ ಎಂದುಬಿಟ್ಟ. ರಾಜನೂ ಮುರಿಯಲಾಗದ ಹಿರಿತನ ಪಟ್ಟಿ! ಅವರು ಅಂದೇ ಸೋತರು.

ಅಲ್ಲಿಂದ ನಲವತ್ತೈದು ವರ್ಷ. ಆಫೀಸಿನವರು ಗೇಲಿಗೆ 'ರಾವುತರು' ಎಂದರೆ ಇವರು ಅದನ್ನು ಬಿರುದು ಎಂದು ತೆಗೆದುಕೊಂಡರು. ಏಳು ನಲವತ್ತರ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗುವ ರಾವುತರು. ಜೀವಮಾನದಲ್ಲಿ ಒಂದೇ ಸಲ ಕುದುರೆ ಮುಟ್ಟಿದ್ದು. ಪಾರ್ಕಿನಲ್ಲಿ ಮಕ್ಕಳನ್ನು ಸುತ್ತಿಸುವ ಕುದುರೆ ಅದು, ಕಚ್ಚಿತು.

ಮಗಳಿಗೆ ನಿದ್ದೆ ಬರಿಸಲು ಅವರು ಹೇಳುತ್ತಿದ್ದುದೂ ದಳಗಳ ಕತೆಯೇ. ಅದರಲ್ಲಿ ಅವಳಿಗೆ ಇಷ್ಟವಾದದ್ದು ಲಾಳದ ದಳದ್ದು. ಯಾವುದೋ ರಾಜನ ಮುನ್ನೂರು ಸವಾರರು ಯುದ್ಧದ ದಿನ ಬೆಳಿಗ್ಗೆ ಸೇತುವೆಯ ತನಕ ಬಂದು, ಒಬ್ಬೊಬ್ಬರಾಗಿ ಕುದುರೆ ಇಳಿದು, 'ಲಾಳ ಬಿದ್ದಿದೆ, ಹೊಡೆಸಿಕೊಂಡು ಬರ್ತೀನಿ' ಎಂದು ಹಿಂದಕ್ಕೆ ಹೋದರಂತೆ. ಸಂಜೆ ಎಣಿಸಿದರೆ ಒಂದು ಕುದುರೆಯ ಒಂದು ಲಾಳವೂ ಬಿದ್ದಿರಲಿಲ್ಲ. ರಾಜ ಅವರನ್ನು ಕೊಲ್ಲಲಿಲ್ಲ; ಅವರ ಬಿಲ್ಲೆಯ ಮೇಲೆ ತಲೆಕೆಳಗಾದ ಲಾಳ ಒತ್ತಿಸಿದ. ನಾಚಿಕೆಗೆ ಎಲ್ಲರೂ ಅದನ್ನು ಕಿತ್ತು ಹೊಳೆಗೆ ಎಸೆದರು. ಉಳಿದದ್ದು ಬೆರಳೆಣಿಕೆ. ಅಪ್ಪನ ಹತ್ತಿರ ಒಂದಿತ್ತು.

"ಗೆದ್ದೋರ ಬಿಲ್ಲೆ ಬುಟ್ಟಿಗಟ್ಟಲೆ ಸಿಗುತ್ತೆ ಮಗಳೇ," ಎನ್ನುತ್ತಿದ್ದರು. "ಹೇಡಿಗಳದ್ದಕ್ಕೇ ಬೇಡಿಕೆ."

*

ಅಮ್ಮ ಹೋದಾಗ ಮಗಳಿಗೆ ಹತ್ತೊಂಬತ್ತು. ಆಸ್ಪತ್ರೆಯಿಂದ ಬೆಳಿಗ್ಗೆ ತಂದು ಇದೇ ನಡುಮನೆಯಲ್ಲಿ ಮಲಗಿಸಿದ್ದರು. ಆ ವಾರ ಬೀದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ್ದರು. ಹೊರಡುವ ಹೊತ್ತಿಗೆ ಅಪ್ಪ ಅವಳನ್ನು ಪಕ್ಕಕ್ಕೆ ಕರೆದು, "ಮನೆ ಖಾಲಿ ಬಿಡೋಕಾಗಲ್ಲ. ನೀನು ಇರು. ನಿನ್ನ ಬಿಟ್ಟು ಇನ್ಯಾರನ್ನೂ ನಂಬಲ್ಲ ನಾನು," ಎಂದರು.

ಅವಳು ಮುಕ್ಕಾಲಿಯಲ್ಲಿ ಬೀರುವಿನ ಕಡೆ ಮುಖ ಮಾಡಿ ಕೂತಳು. ಕಾಯುವುದೆಂದರೆ ಹಾಗೆ ಎಂದುಕೊಂಡಿದ್ದಳು. ಹಿಂದೆ ಜನ ಎತ್ತುವ ಸದ್ದು, 'ಸ್ವಲ್ಪ ವಾರೆ ಮಾಡಿ' ಎನ್ನುವ ದನಿ. ಅಮ್ಮ ಬೀರುವಿನ ಗಾಜಿನಲ್ಲಿ ಬಾಗಿಲು ದಾಟಿದಳು. ಕಾಲು ಮೊದಲು, ಆಮೇಲೆ ತಲೆ, ಮೂರು ಸಾಲು ಹಿತ್ತಾಳೆ ಕುದುರೆಗಳ ಮೇಲೆ ಹಾದು.

ಮೂರು ಗಂಟೆಯ ನಂತರ ಅಪ್ಪ ವಾಪಸು ಬಂದರು. ಮೊದಲು ಎಣಿಸಿದರು. "ಇನ್ನೂರ ಹನ್ನೊಂದು. ಸರಿಯಾಗಿದೆ. ಭೇಷ್," ಎಂದರು. ಆಮೇಲೆ ನೀರು ಕೇಳಿದರು.

ಆ 'ಭೇಷ್' ಅವಳು ಬಹಳ ವರ್ಷ ಇಟ್ಟುಕೊಂಡಿದ್ದಳು. ಬೇರೇನೂ ಸಿಗದ ಮನೆಯಲ್ಲಿ ಅದೂ ಒಂದು ಬಿಲ್ಲೆ.

*

"ಅಪ್ಪಂಗೆ ನಿನ್ನ ಮೇಲೆ ಎಷ್ಟು ನಂಬಿಕೆ ನೋಡಕ್ಕಾ," ಎಂದ ತಮ್ಮ. ದನಿಯಲ್ಲಿ ನಿಜವಾದ ಮೆಚ್ಚುಗೆಯೇ ಇತ್ತು.

"ನಂಬಿಕೆ ಅಲ್ವೋ ಅದು, ಬೀಗ," ಎಂದಳು ಅತ್ತೆ.

ಮಗಳು ಹಾರದ ದಾರ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟಳು. "ನಾನು ಅಪ್ಪನ ಜೊತೆ ಹೋಗ್ಬೇಕು. ಅಮ್ಮನ ದಿನಾನೂ ಇಲ್ಲೇ ಕೂತಿದ್ದೆ. ಇವತ್ತು ಬೇರೆ ಯಾರಾದ್ರೂ ಇರ್ಲಿ."

"ಅವರ ಕೊನೇ ಮಾತಮ್ಮ," ಎಂದರು ಡಾಕ್ಟರು, ಹಲ್ಲು ಕೀಳುವ ಮೊದಲಿನ ಮೃದು ದನಿಯಲ್ಲಿ. "ಮೀರೋಕೆ ನಾವ್ಯಾರು? ಆದ್ರೂ ನಿನ್ನ ಸಂಕಟ ನೋಡೋಕಾಗಲ್ಲ. ನಾನು ಬೇಕಾದ್ರೆ ಇರ್ತೀನಿ. ಮಂಡಿನೋವು ಬೇರೆ."

"ನೀವು ಇಲ್ದೆ ಹ್ಯಾಗೆ ಡಾಕ್ಟರ್ರೇ?" ಬಳಗದ ಎರಡನೆಯ ಹಿರಿಯರು ತಟ್ಟನೆ ಅಂದರು. "ನೀವು ಮೊದಲ ಸಾಲು, ಬಲಗಡೆ. ನೀವು ಕದಲದೆ ಲೈನೇ ಶುರುವಾಗಲ್ಲ. ನಾನು ಇರ್ತೀನಿ."

"ನಿಮ್ಮನ್ನ ಬಿಟ್ಟು ಹೋಗೋಕೆ ನಮಗೇನು ಹುಚ್ಚಾ?" ಎಂದರು ಮೂರನೆಯವರು. ಹೇಳಿದ ಮೇಲೆ, "ಅಂದ್ರೆ, ಒಬ್ಬರೇ ಬೇಜಾರಲ್ವಾ ಅಂತ," ಎಂದು ತೇಪೆ ಹಚ್ಚಿದರು.

"ಇವರೇ ಇರ್ಲಿ," ಎಂದು ತಮ್ಮನ ಹೆಂಡತಿ ಗಂಡನ ಬೆನ್ನಿಗೆ ಕೈ ಇಟ್ಟಳು. "ಮನೆ ಮಗ. ಹೊರಗಿನೋರಿಗೆ ಯಾಕೆ ತೊಂದರೆ?"

"ಮಗ ಇಲ್ದೆ ತಂದೆಯನ್ನ ಕಳಿಸೋದಾ?" ಹನ್ನೊಂದು ಜನಕ್ಕೂ ಏಕಕಾಲಕ್ಕೆ ಸಂಪ್ರದಾಯ ನೆನಪಾಯಿತು.

ಐದು ನಿಮಿಷದಲ್ಲಿ ಎಂಟು ಮಂದಿ ತ್ಯಾಗಕ್ಕೆ ಸಿದ್ಧರಾದರು. ಯಾರೊಬ್ಬರ ತ್ಯಾಗಕ್ಕೂ ಉಳಿದವರು ಅವಕಾಶ ಕೊಡಲಿಲ್ಲ. ಬೀಗ ಹಾಕಿ ಎಲ್ಲರೂ ಹೋಗೋಣ ಎಂದು ಯಾರೋ ಅಂದರು. ಕೀ ಯಾರ ಕೈಯಲ್ಲಿರಬೇಕು ಎಂಬಲ್ಲಿಗೆ ಅದೂ ನಿಂತಿತು. ಕೊನೆಗೆ ಒಮ್ಮತ ಮೂಡಿತು: ಹಿರಿಯರು ಬರೆದಂತೆಯೇ ಆಗಲಿ, ಮಗಳು ಇರಲಿ. ಸತ್ತವರ ಮಾತಿನ ಮೇಲಿನ ಗೌರವ ಇಷ್ಟು ಜನರನ್ನು ಒಂದುಗೂಡಿಸಿದ್ದು ಆ ಮನೆಯಲ್ಲಿ ಅದೇ ಮೊದಲು.

"ಹನ್ನೊಂದಾಯ್ತು," ಎಂದ ಚಾಲಕ ಹೊರಗಿನಿಂದ.

ಎತ್ತಿದರು. ಸ್ವಲ್ಪ ವಾರೆ ಮಾಡಿದರು. ಅಪ್ಪ ಬಾಗಿಲು ದಾಟುವಾಗ ಸೀಳಿದ ಕೋಟಿನ ಒಂದು ಅರ್ಧ ಜಾರಿ ಕೆಳಗೆ ಇಳಿಬಿತ್ತು. ಮಗಳು ಓಡಿಹೋಗಿ ಅದನ್ನು ಅವರ ಮೈ ಕೆಳಗೆ ಸಿಕ್ಕಿಸಿದಳು. ಹಾಗೇ ಒಂದು ಕ್ಷಣ ನಿಂತಳು.

ಆಮೇಲೆ ಒಳಗೆ ಬಂದು ಸೊಂಟದಿಂದ ಕೀಗೊಂಚಲು ತೆಗೆದಳು. ಬೀರುವಿನ ಎರಡೂ ಬಾಗಿಲು ತೆರೆದಳು. ಖಾನೆಗಳನ್ನು ಒಂದೊಂದಾಗಿ ಹೊರಗೆಳೆದಳು. ಎಡಗಡೆ, ಮೇಲಿನಿಂದ ನಾಲ್ಕನೆಯದನ್ನೂ. ಕೀಗೊಂಚಲನ್ನು ಬೀರುವಿನ ಬಾಗಿಲಿಗೇ ನೇತುಹಾಕಿದಳು. ಕಿಟಕಿ ತೆರೆದಳು. ಬೀದಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಮತ್ತೆ ಮುಚ್ಚಿಕೊಳ್ಳದಂತೆ ಮುಕ್ಕಾಲಿಯನ್ನು ಅಡ್ಡ ಇಟ್ಟಳು.

"ಏನಮ್ಮಾ ಮಾಡ್ತಿದೀಯ!" ಡಾಕ್ಟರ ದನಿ ಒಡೆಯಿತು.

"ಗಾಳಿ ಆಡ್ಲಿ ಅಂತ," ಎಂದಳು ಮಗಳು. ಗಾಡಿ ಹತ್ತಿ ಅಪ್ಪನ ಪಕ್ಕ ಕೂತಳು. "ಹೊರಡಿ."

*

ಗಾಡಿ ನಡೆಯುವ ವೇಗದಲ್ಲಿ ಹೊರಟಿತು. ಹಿಂಬಾಗಿಲಿನ ಗಾಜಿನಲ್ಲಿ ಮೆರವಣಿಗೆ ಪೂರ್ತಿ ಕಾಣುತ್ತಿತ್ತು. ಮೊದಲ ಸಾಲು: ಬಲಕ್ಕೆ ಡಾಕ್ಟರು, ಎಡಕ್ಕೆ ತಮ್ಮ. ಹಿಂದೆ ಬಳಗ, ಅದರ ಹಿಂದೆ ಆಫೀಸು, ಕೊನೆಗೆ ಬಡ್ತಿ ಪಡೆದವರಿಬ್ಬರು. ಎಲ್ಲರ ಕಾಲೂ ಮುಂದಕ್ಕೆ, ಎಲ್ಲರ ಕತ್ತೂ ಹಿಂದಕ್ಕೆ.

ಹಳೇ ಕಬ್ಬಿಣದ ಅಂಗಡಿಯ ತಿರುವಿನಲ್ಲಿ ಡಾಕ್ಟರು ಜೇಬು ಮುಟ್ಟಿ ನೋಡಿಕೊಂಡರು. ಗಾಜಿನ ಹತ್ತಿರ ಬಂದು ಎರಡು ಬೆರಳಲ್ಲಿ ತಟ್ಟಿದರು. "ಬಿ.ಪಿ. ಮಾತ್ರೆ," ಎಂದು ತುಟಿಯಾಡಿಸಿದರು. "ನಿಮ್ಮನೇಲೇ ಬಿಟ್ಟೆ. ಈಗ ಬಂದೆ." ತಿರುಗಿದರು. ಮಂಡಿನೋವಿನ ಮನುಷ್ಯ ಅಷ್ಟು ಬಿರುಸಾಗಿ ನಡೆಯಬಹುದೆಂದು ಯಾರಿಗೂ ಗೊತ್ತಿರಲಿಲ್ಲ.

ಬಳಗದ ಎರಡನೆಯ ಹಿರಿಯರು ಇಪ್ಪತ್ತು ಹೆಜ್ಜೆ ತಡೆದುಕೊಂಡರು. ಆಮೇಲೆ ಅವರಿಗೆ, ಡಾಕ್ಟರು ಒಬ್ಬರೇ ಹೋದರು, ತಲೆ ಸುತ್ತಿ ಬಿದ್ದರೆ ಎಂಬ ಆತಂಕ ಹುಟ್ಟಿತು. ಮೂರನೆಯವರಿಗೆ ಎರಡನೆಯವರ ಬಗ್ಗೆ ಆತಂಕ. ನಾಲ್ಕನೆಯವರ ಫೋನು ಹೊಡೆದುಕೊಂಡಿತು, ಅಥವಾ ಹೊಡೆದುಕೊಂಡಿತೆಂದು ಅವರೇ ಹೇಳಿದರು. ಐದನೆಯವರು ಒಲೆ ಆರಿಸಿದೆನೋ ಇಲ್ಲವೋ ಎಂದರು; ಅವರ ಮನೆ ಇದ್ದದ್ದು ಮುಂದಿನ ದಿಕ್ಕಿನಲ್ಲಿ. ಬಸ್ ಡಿಪೋ ದಾಟುವಷ್ಟರಲ್ಲಿ ಬಳಗ ಬರಿದಾಗಿತ್ತು. ಪಟ್ಟಿಯ ಕ್ರಮ ಎಲ್ಲೂ ತಪ್ಪಿರಲಿಲ್ಲ. ಹಿರಿಯರು ಮೊದಲು ಹೋದರು, ಕಿರಿಯರು ಕಾದು ಹೋದರು.

"ಲಾಳ ಬಿದ್ದಿದೆ ಎಲ್ಲರದ್ದೂ," ಎಂದಳು ಮಗಳು.

"ಏನು?" ಅತ್ತೆ ಕಿವಿಗೆ ಕೈ ಇಟ್ಟಳು.

"ಏನಿಲ್ಲ ಅತ್ತೆ."

"ನಿಮ್ಮಪ್ಪ ಇದನ್ನ ನೋಡಿದ್ದಿದ್ರೆ ಎದ್ದು ಕೂತು, ಯಾರು ಎಷ್ಟು ಗಂಟೆಗೆ ಬಿಟ್ಟರು ಅಂತ ಬರ್ಕೊಳ್ತಿದ್ದ."

ಆಫೀಸಿನವರಿಗೆ ಬಿಲ್ಲೆಯ ಗಂಧವಿಲ್ಲ. ಆದರೆ ಅಷ್ಟು ಜನ ಅಷ್ಟು ಅವಸರದಲ್ಲಿ ಹೋಗುತ್ತಿದ್ದಾರೆಂದರೆ ಏನೋ ಇರಲೇಬೇಕು ಎಂಬಷ್ಟು ಸರ್ಕಾರಿ ಅನುಭವ ಇತ್ತು. ಅವರೂ ಕರಗಿದರು. ಈ ಸಲ ಬಡ್ತಿ ಪಡೆದವರಿಬ್ಬರು ಮುಂದೆ ಇದ್ದರು.

ತಮ್ಮ ಉಳಿದಿದ್ದ. ಹೆಂಡತಿ ಯಾವ ತಿರುವಿನಲ್ಲಿ ಹೋದಳೋ ಅವನಿಗೂ ಗೊತ್ತಿರಲಿಲ್ಲ. ದೊಡ್ಡ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವನ ಫೋನು ನಿಜವಾಗಿಯೇ ಹೊಡೆದುಕೊಂಡಿತು. ಕಿವಿಗೆ ಇಟ್ಟುಕೊಂಡು ಕೇಳಿದ. ಗಾಜಿನ ಹತ್ತಿರ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಅಕ್ಕಾ, ಎಲ್ಲಾ ಕೈ ಹಾಕ್ತಿದಾರಂತೆ. ಅಪ್ಪ ಜೀವಮಾನ ಕೂಡಿಸಿದ್ದು ಕಣೇ. ಐದೇ ನಿಮಿಷ. ಆಟೋದಲ್ಲಿ ಹೋಗಿ ಆಟೋದಲ್ಲೇ ಬರ್ತೀನಿ. ನಾನು ಬರೋ ತನಕ ಒಳಗೆ ಕಳಿಸ್ಬೇಡಿ ಅಪ್ಪನ್ನ."

ಅವಳು ಅವನನ್ನೇ ನೋಡಿದಳು. "ಅಪ್ಪ ಇಲ್ಲಿದಾರೆ ಕಣೋ," ಎಂದಳು.

ಹಸಿರು ದೀಪ ಬಂತು. ತಮ್ಮ ರಸ್ತೆಯ ಮಧ್ಯೆ ನಿಂತು, ಅತ್ತ ನೋಡಿದ, ಇತ್ತ ನೋಡಿದ. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅವನು ಆಟೋಗೆ ಕೈ ಅಡ್ಡ ಹಿಡಿದದ್ದು ಗಾಜಿನಲ್ಲಿ ಚಿಕ್ಕದಾಗುತ್ತಾ ಹೋಯಿತು.

"ಅಮ್ಮಾ," ಚಾಲಕ ಕನ್ನಡಿಯಲ್ಲಿ ನೋಡಿ ಕೇಳಿದ, "ಹಿಂದೆ ಯಾರೂ ಇಲ್ಲ. ನಿಧಾನ ಮಾಡ್ಲಾ?"

"ಬೇಡ. ಇನ್ನು ಜೋರಾಗಿ ಹೋಗ್ಬಹುದು."

*

ಚಿತಾಗಾರದ ಸಿಬ್ಬಂದಿ ಬೀಡಿ ಆರಿಸಿ ಎದ್ದುಬಂದ. ಗಾಡಿಯಿಂದ ಇಳಿದ ಒಬ್ಬ ಹೆಂಗಸನ್ನೂ, ಇಳಿಯಲಾಗದೆ ಕೂತ ಇನ್ನೊಬ್ಬ ಹೆಂಗಸನ್ನೂ ನೋಡಿದ. ರಸ್ತೆಯ ಕಡೆ ನೋಡಿದ.

"ಜನ ಹಿಂದೆ ಬರ್ತಿದಾರಾ?"

"ಇಲ್ಲ."

"ಎತ್ತೋಕೆ ನಾಲ್ಕು ಜನ ಬೇಕಲ್ಲಮ್ಮ. ನಾನು, ಡ್ರೈವರ್ರು, ಆಮೇಲೆ?"

"ನಾನು ಹಿಡೀತೀನಿ. ನಾಲ್ಕನೆಯವರು..." ಅವಳು ತಿರುಗಿದಳು.

ಗೇಟಿನಲ್ಲಿ ಗಡಿಯಾರ ರಿಪೇರಿಯ ಮುದುಕರು ಕಾಲೆಳೆಯುತ್ತಾ ಬರುತ್ತಿದ್ದರು. ಅಂಗಿ ಬೆವರಿಗೆ ಅಂಟಿತ್ತು. ಮಗಳು ಎದುರು ಹೋದಳು. "ಮಾಮ, ನೀವೊಬ್ಬರಾದ್ರೂ ಬಂದ್ರಲ್ಲ," ಎಂದಳು.

ಮುದುಕರು ಕಂಬ ಹಿಡಿದು ಉಸಿರು ಸುಧಾರಿಸಿಕೊಂಡರು. "ಸುಳ್ಳು ಯಾಕಮ್ಮ ಹೇಳ್ಲಿ. ನಾನೂ ತಿರುಗಿದ್ದೆ. ಡಿಪೋ ಹತ್ರ ನಿಂತು ಲೆಕ್ಕ ಹಾಕ್ದೆ. ಈ ಕಾಲಲ್ಲಿ ನಾನು ಅಲ್ಲಿ ಮುಟ್ಟೋಷ್ಟರಲ್ಲಿ ಮೊಳೆ ಕೂಡ ಉಳ್ದಿರಲ್ಲ. ಡಿಪೋ ಹಿಂದಿನ ಓಣಿ ಹಿಡಿದ್ರೆ ಇಲ್ಲಿಗೇ ಹತ್ರ ಅನ್ನಿಸ್ತು."

"ಆಯ್ತು," ಎಂದಳು ಮಗಳು. "ಆ ತುದಿ ಹಿಡ್ಕೊಳ್ಳಿ."

ನಾಲ್ವರು ಎತ್ತಿದರು. ಅಪ್ಪ ಅಂದುಕೊಂಡದ್ದಕ್ಕಿಂತ ಹಗುರ ಇದ್ದರು. ಕಬ್ಬಿಣದ ತಟ್ಟೆಯ ಮೇಲೆ ಮಲಗಿಸಿದ ಮೇಲೆ ಸಿಬ್ಬಂದಿ ಕೋಟು ನೋಡಿ ತಲೆಯಾಡಿಸಿದ. "ಲೋಹ ಒಳಗೆ ಬಿಡೋ ಹಾಗಿಲ್ಲ. ಗುಂಡಿ ತೆಗೀಬೇಕು."

ಅವನು ಕೊಟ್ಟ ಬ್ಲೇಡಿನಿಂದ ಅವಳು ಎಂಟೂ ಗುಂಡಿ ಕತ್ತರಿಸಿದಳು. ಹಿಡಿತ ತಪ್ಪಿದ ಕೋಟಿನ ಎರಡು ಅರ್ಧಗಳು ಎರಡು ಕಡೆಗೆ ಜಾರಿದವು. ನಡುವೆ ಬನಿಯನ್ನಿನಲ್ಲಿ, ಎದೆಯ ಬಿಳಿ ಕೂದಲಿನಲ್ಲಿ, ಹಿರಿತನ ವಿಭಾಗದ ಗುಮಾಸ್ತರು ಉಳಿದರು. ಬನಿಯನ್ನಿನ ಕಂಕುಳಲ್ಲಿ ತೂತಾದದ್ದನ್ನು ಅವಳೇ ಹೋದ ತಿಂಗಳು ಹೊಲಿದಿದ್ದಳು. ಆ ಹೊಲಿಗೆಯ ಮೇಲೆ ಒಂದು ಸಲ ಬೆರಳಾಡಿಸಿದಳು.

"ನಿಮ್ಮ ತಮ್ಮ ಬರ್ತಾರೆ ಅಂತ ಡ್ರೈವರ್ರು ಹೇಳ್ತಿದ್ರು," ಎಂದ ಸಿಬ್ಬಂದಿ. "ಹತ್ತು ನಿಮಿಷ ಬೇಕಾದ್ರೆ ಕಾಯ್ತೀನಿ."

"ನಾನು ಇದೀನಲ್ಲ," ಎಂದಳು. "ತಳ್ಳಿ."

ತಟ್ಟೆ ಒಳಗೆ ಸರಿಯಿತು. ಕಾಲು ಮೊದಲು, ಆಮೇಲೆ ತಲೆ. ಈ ಸಲ ನಡುವೆ ಗಾಜು ಇರಲಿಲ್ಲ. ಬಾಗಿಲು ಪೂರ್ತಿ ಇಳಿದು ನೆಲ ಮುಟ್ಟುವ ತನಕ ಅವಳು ರೆಪ್ಪೆ ಹೊಡೆಯಲಿಲ್ಲ. ಗಾಡಿಯಲ್ಲಿ ಕೂತಿದ್ದ ಅತ್ತೆ, ಅಪ್ಪನ ಪಟ್ಟಿಯ ಆಜ್ಞೆಯಂತೆ, ಮಾತಾಡದೆ ಅಳುತ್ತಿದ್ದಳು.

*

ವಾಪಸು ಬರುವಾಗ ಚಾಲಕ ಬೀದಿಯ ತುದಿಯಲ್ಲೇ ಗಾಡಿ ನಿಲ್ಲಿಸಬೇಕಾಯಿತು. ಮನೆಯ ಮುಂದೆ ಎರಡು ಆಟೋ, ನಾಲ್ಕು ಸ್ಕೂಟರು ಅಡ್ಡ ನಿಂತಿದ್ದವು. ಅತ್ತೆಯನ್ನು ಇಳಿಸಲು ಗಡಿಯಾರದ ಮಾಮನಿಗೆ ಹೇಳಿ ಮಗಳು ಮುಂದೆ ನಡೆದಳು.

ಒಳಗೆ ಜನ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಖಾನೆ ಎಳೆಯುವ ಸದ್ದು, ಹಿತ್ತಾಳೆಗೆ ಹಿತ್ತಾಳೆ ತಾಗುವ ಸದ್ದು. ಯಾರೋ, "ಅದು ನಾನು ಮೊದಲು ನೋಡಿದ್ದು," ಎಂದರು. ತಮ್ಮನ ದನಿ ಏನೋ ಕೂಗಿತು, ಅವನ ಹೆಂಡತಿಯದು ಅದಕ್ಕಿಂತ ಮೇಲೆ.

ಸಾವಿನ ಮನೆಯೆಂದು ಎಲ್ಲರೂ ಚಪ್ಪಲಿ, ಬೂಟು ಹೊರಗೇ ಬಿಟ್ಟಿದ್ದರು. ಮೂರು ಮೆಟ್ಟಿಲ ತುಂಬ, ಜಗಲಿಯ ಅಂಚಿನಲ್ಲಿ, ಹೊಸ್ತಿಲಿಗೆ ಒತ್ತಿಕೊಂಡು, ಜೋಡಿ ಜೋಡಿಯಾಗಿ, ಬೆಳಿಗ್ಗೆ ಬಂದವರಿಗಿಂತ ಹೆಚ್ಚು. ಅಚ್ಚುಕಟ್ಟಾಗಿ ಬಿಟ್ಟಿದ್ದರು, ಬೇಗ ಸಿಗಲೆಂದು ಎಲ್ಲದರ ಮೂತಿಯನ್ನೂ ಬೀದಿಯ ಕಡೆಗೆ ತಿರುಗಿಸಿಟ್ಟಿದ್ದರು.

ಮಗಳು ಕೆಳಗಿನ ಮೆಟ್ಟಿಲ ಬಳಿ ಒಂದು ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು ನಿಂತಳು. ಇಡಲು ಜಾಗ ಇರಲಿಲ್ಲ.